ರಾತ್ರೋರಾತ್ರಿ ಬದಲಾಗುವ ಕಾರು

(ಭದ್ರಾವತಿಯ ಹೊಸಮನೆಯಲ್ಲಿ ನಡೆದ ತಿಂಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿದ್ಯುತ್ ಕಾರು ಪರಿಸರಕ್ಕೆ ಹಿತವೆ, ಅಹಿತವೆ ಎಂಬ ಚರ್ಚೆ ನಮ್ಮ ಕೂಟಕ್ಕೆ ಹೊಸದಲ್ಲ. ಕಲ್ಲಿದ್ದಲಿನ ಹೊಗೆ, ಲಿಥಿಯಂ ಗಣಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಮುಳುಗಿದ ಊರುಗಳು ಎಲ್ಲವೂ ಆ ಮಾತುಕತೆಯಲ್ಲಿ ಬಂದುಹೋಗಿವೆ. ಇಂದು ನಾನು ಎತ್ತಿಕೊಂಡಿರುವುದು ಕಣ್ಣಿಗೆ ಕಾಣದ ಒಂದು ಭಾಗವನ್ನು. ಆ ಕಾರಿನ ಒಳಗಿರುವ ತಂತ್ರಾಂಶವನ್ನು. ನಾವು ಮಲಗಿರುವಾಗ ಅದು ಬದಲಾಗುತ್ತದೆ. ಬದಲಾಯಿಸಿದವರು ಎಲ್ಲೋ ದೂರದ ಊರಿನಲ್ಲಿರುತ್ತಾರೆ.

ಇದು ಪರಿಸರದ ಪ್ರಶ್ನೆ ಹೇಗಾಯಿತು ಎಂದು ನೀವು ಕೇಳಬಹುದು. ವಿದ್ಯುತ್ ಕಾರನ್ನು ತಯಾರಿಸುವಾಗ, ಮುಖ್ಯವಾಗಿ ಬ್ಯಾಟರಿಯ ಕಾರಣದಿಂದ, ಅಷ್ಟೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೆಚ್ಚು ಇಂಗಾಲ ವಾತಾವರಣವನ್ನು ಸೇರುತ್ತದೆ. ಆ ಸಾಲ ತೀರುವುದು ಕಾರು ಓಡುತ್ತ ಓಡುತ್ತ, ವರ್ಷಗಳು ಕಳೆದಂತೆ. ಹೆಚ್ಚು ವರ್ಷ ಬಾಳಿದಷ್ಟೂ ಅದರ ಲೆಕ್ಕ ಚೊಕ್ಕವಾಗುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದು, ಮೋಟಾರು ಸರಿಯಾಗಿದ್ದು, ಕೇವಲ ತಂತ್ರಾಂಶದ ಹುಳುಕಿನಿಂದ ಅಥವಾ ಅದನ್ನು ತಿದ್ದುವವರಿಲ್ಲದೆ ಐದಾರು ವರ್ಷಕ್ಕೇ ಅದು ಗುಜರಿಗೆ ಹೋದರೆ, ನಾವು ಮಾಡಿದ ವಾದವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ದೂರದಿಂದಲೇ ಕಾರನ್ನು ಮುಟ್ಟುವ ಈ ವಿದ್ಯೆ ಅಮೆರಿಕದಿಂದ ಬಂದದ್ದೆಂದು ಹಲವರ ನಂಬಿಕೆ. ಅದಕ್ಕೆ ಕನ್ನಡ ನಾಡಿನಲ್ಲಿಯೂ ಒಂದು ಪೂರ್ವಚರಿತ್ರೆಯಿದೆ. ಚೇತನ್ ಮೈನಿಯವರು ಬೆಂಗಳೂರಿನಲ್ಲಿ 2001ರಲ್ಲಿ ಹೊರತಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಗಳ ಪುಟ್ಟ ಗಾಡಿ. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದೇ ಕಂಪನಿ ಒಂದು ಹೊಸ ಸೌಲಭ್ಯವನ್ನು ಪ್ರಕಟಿಸಿತು. ದಾರಿಯಲ್ಲಿ ಚಾರ್ಜ್ ಮುಗಿದರೆ ಫೋನು ಮಾಡಿ, ಬ್ಯಾಟರಿಯಲ್ಲಿ ಕಾದಿರಿಸಿದ ಅಲ್ಪ ಪಾಲನ್ನು ನಾವು ದೂರದಿಂದಲೇ ಬಿಡುಗಡೆ ಮಾಡುತ್ತೇವೆ ಎಂದಿತು. 2010ರಲ್ಲಿ ಮಹೀಂದ್ರಾ ಕಂಪನಿಯ ಕೈಸೇರಿ, 2013ರಲ್ಲಿ ಇ2ಒ ಎಂಬ ಹೆಸರಿನಲ್ಲಿ ಬಂದ ಮುಂದಿನ ಕಾರಿನಲ್ಲಿಯೂ ಈ ಸೌಲಭ್ಯವಿತ್ತು. ಆಪತ್ಕಾಲಕ್ಕೆ ಒಳ್ಳೆಯ ಉಪಾಯವೇ ಸರಿ. ಆದರೆ ಅದರ ಒಳಗಿನ ಅರ್ಥವನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಾನು ಹಣ ಕೊಟ್ಟು ಕೊಂಡ ಬ್ಯಾಟರಿಯಲ್ಲಿ ನನ್ನ ಕೈಗೆಟುಕದ ಒಂದು ಪಾಲಿದೆ, ಅದರ ಕೀಲಿಕೈ ಕಂಪನಿಯ ಬಳಿ ಇದೆ ಎಂಬುದೇ ಆ ಅರ್ಥ.

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಟೆಸ್ಲಾ ಕಂಪನಿಯೂ ಇದನ್ನೇ ಮಾಡಿತು. ಕಡಿಮೆ ಬೆಲೆಗೆ ಮಾರಿದ ಕೆಲವು ಕಾರುಗಳಲ್ಲಿ ದೊಡ್ಡ ಬ್ಯಾಟರಿಯನ್ನೇ ಇಟ್ಟು ತಂತ್ರಾಂಶದ ಬೀಗ ಹಾಕಲಾಗಿತ್ತು. ಊರು ಬಿಟ್ಟು ಹೊರಟವರಿಗಾಗಿ ಆ ಬೀಗವನ್ನು ಕೆಲವು ದಿನ ತೆರೆದರು. ಜನ ಕೃತಜ್ಞರಾದರು. ನನಗಾದರೋ, ಆ ಹೆಚ್ಚುವರಿ ಬ್ಯಾಟರಿಯ ಖನಿಜಕ್ಕಾಗಿ ಯಾವುದೋ ನಾಡಿನ ಬೆಟ್ಟವನ್ನು ಅಗೆದು, ಆಮೇಲೆ ಅದನ್ನು ಬಳಸದಂತೆ ಬೀಗ ಹಾಕಿದ್ದರಲ್ಲ ಎಂಬುದೇ ಹೆಚ್ಚು ಕಾಡಿತು.

ಗಾಳಿಯ ಮೂಲಕ ಬರುವ ತಿದ್ದುಪಡಿ ಕೆಟ್ಟದ್ದೇ ಎಂದು ಮಾತ್ರ ಭಾವಿಸಬೇಡಿ. ಟೆಸ್ಲಾ ಮಾಡೆಲ್ 3 ಕಾರು ಬ್ರೇಕು ಹಾಕಿದ ಮೇಲೆ ನಿಲ್ಲಲು ಬಹಳ ದೂರ ತೆಗೆದುಕೊಳ್ಳುತ್ತದೆ ಎಂದು ಅಮೆರಿಕದ ಗ್ರಾಹಕ ಪತ್ರಿಕೆಯೊಂದು 2018ರ ಮೇ ತಿಂಗಳಲ್ಲಿ ಬರೆಯಿತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಹೋಯಿತು. ಗಂಟೆಗೆ ಸುಮಾರು 96 ಕಿಲೋಮೀಟರ್ ವೇಗದಿಂದ ನಿಲ್ಲಲು ಬೇಕಾಗುತ್ತಿದ್ದ 46 ಮೀಟರು 41 ಮೀಟರಿಗಿಂತ ಕೆಳಗಿಳಿಯಿತು. ಒಂದು ತಿರುಪನ್ನೂ ಬಿಚ್ಚಲಿಲ್ಲ, ಒಬ್ಬ ಗ್ರಾಹಕನೂ ಗ್ಯಾರೇಜಿಗೆ ಹೋಗಲಿಲ್ಲ. ಇದು ನಿಜಕ್ಕೂ ಬೆರಗಿನ ಸಾಧನೆ. ಅದೇ ಕಂಪನಿ 2019ರಲ್ಲಿ ಹಳೆಯ ಮಾಡೆಲ್ ಎಸ್ ಕಾರುಗಳಿಗೆ ಕಳಿಸಿದ ಇನ್ನೊಂದು ತಿದ್ದುಪಡಿ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನೇ ತಗ್ಗಿಸಿತು. ಬೆಳಗಾಗುವಷ್ಟರಲ್ಲಿ ಕಾರು ಓಡುವ ದೂರ ಕುಗ್ಗಿತ್ತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ 15 ಲಕ್ಷ ಡಾಲರುಗಳಿಗೆ ರಾಜಿಯಾಯಿತು; 1,743 ಕಾರುಗಳಿಗೆ ತಲಾ 625 ಡಾಲರ್. ಬ್ರೇಕನ್ನು ಉತ್ತಮಗೊಳಿಸಿದ ದಾರಿಯೇ ಬ್ಯಾಟರಿಯನ್ನು ಕುಗ್ಗಿಸಿದ ದಾರಿಯೂ ಹೌದು.

ಇನ್ನು ನಮ್ಮ ಮಲೆನಾಡಿಗೆ ಬರೋಣ. ಪರದೆಯ ಮೇಲೆ ಕಾಣುವ ಶೇಕಡಾ ಅಂಕಿ ಪೆಟ್ರೋಲ್ ಟ್ಯಾಂಕಿನ ಮುಳ್ಳಿನಂತಹುದಲ್ಲ. ಒಳಹೋದ, ಹೊರಬಂದ ವಿದ್ಯುತ್ತನ್ನು ಕೂಡಿ ಕಳೆದು ತಂತ್ರಾಂಶ ಮಾಡಿದ ಅಂದಾಜು ಅದು. ಈಗ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಚಾರ್ಜ್ ಇಳಿದರೂ ವೋಲ್ಟೇಜು ಬಹುದೂರ ಒಂದೇ ಮಟ್ಟದಲ್ಲಿರುವುದರಿಂದ ಈ ಅಂದಾಜು ಸುಲಭವಾಗಿ ತಪ್ಪುತ್ತದೆ. ಆಗಾಗ ಪೂರ್ತಿ ನೂರರವರೆಗೆ ತುಂಬಿಸಿ ಎಂದು ಕಂಪನಿಗಳು ಹೇಳುವುದು ಲೆಕ್ಕವನ್ನು ಮತ್ತೆ ಸರಿಹೊಂದಿಸಲೆಂದೇ. ನಗರದಲ್ಲಿ ಅಂಕಿ ತಪ್ಪಿದರೆ ಮುಂದಿನ ವೃತ್ತದಲ್ಲಿ ಚಾರ್ಜರ್ ಸಿಕ್ಕೀತು. ಮಳೆಗಾಲದ ಸಂಜೆ ತೀರ್ಥಹಳ್ಳಿ ದಾಟಿದ ಮೇಲೆ ತಪ್ಪಿದರೆ?

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವವರಿಗೆ ಇನ್ನೊಂದು ಮಾತು. ಪೆಡಲಿನಿಂದ ಕಾಲು ತೆಗೆದೊಡನೆ ಮೋಟಾರೇ ಕಾರನ್ನು ತಡೆದು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಮರಳಿಸಲು ಜಾಗವಿಲ್ಲ. ಆ ತಡೆ ದುರ್ಬಲವಾಗುತ್ತದೆ. ಎಷ್ಟು ತಡೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ನಿರ್ಧರಿಸುವುದು ತಂತ್ರಾಂಶ. ಅಂದರೆ ಒಂದು ತಿದ್ದುಪಡಿಯ ನಂತರ ಅದೇ ತಿರುವಿನಲ್ಲಿ ಅದೇ ಕಾರು ಬೇರೆ ರೀತಿಯಲ್ಲಿ ವರ್ತಿಸಬಹುದು. ನನ್ನ ಕಾರಿನಲ್ಲಿ ಹೀಗಾಗಿದೆ. ತಿದ್ದುಪಡಿಯ ಜೊತೆ ಬಂದ ಸೂಚನೆಯಲ್ಲಿದ್ದದ್ದು ‘ಸಾಮಾನ್ಯ ಸುಧಾರಣೆಗಳು’ ಎಂಬ ಎರಡೇ ಪದ. ಮಾರಾಟಗಾರರ ಸರ್ವಿಸ್ ಕೇಂದ್ರದಲ್ಲಿ ಕೇಳಿದಾಗ, ಲ್ಯಾಪ್‌ಟಾಪು ಜೋಡಿಸಿ ನೋಡಿದ ಹುಡುಗ, ‘ಎರರ್ ಏನೂ ಇಲ್ಲ ಸರ್, ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗಬಹುದು’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಯಲ್ಲೂ ಏನೂ ಇರಲಿಲ್ಲ.

ತಂತ್ರಾಂಶದ ತಪ್ಪು ಲೋಹಕ್ಕೂ ತಗಲುತ್ತದೆ. ಇಷ್ಟು ದೊಡ್ಡ ಬ್ಯಾಟರಿಯಿದ್ದೂ ವಿದ್ಯುತ್ ಕಾರು ಎಚ್ಚರಗೊಳ್ಳಲು 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಬೇಕು. ಅದು ಬರಿದಾದರೆ ದೊಡ್ಡ ಬ್ಯಾಟರಿಯ ಕೊಂಡಿ ಕೂಡುವುದೇ ಇಲ್ಲ. ಆ ಪುಟ್ಟದ್ದಕ್ಕೆ ಚಾರ್ಜು ಕೊಡುವ ಘಟಕದ ದೋಷಕ್ಕಾಗಿ 2024ರಲ್ಲಿ ಹ್ಯುಂಡೈ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು, ಕಿಯಾ 1,138 ಇವಿ6 ಕಾರುಗಳನ್ನು ಹಿಂದಕ್ಕೆ ಕರೆದವು. ಕಿಯಾ 2025ರ ಫೆಬ್ರವರಿಯಲ್ಲಿ ಮತ್ತೆ 1,380 ಕಾರುಗಳನ್ನು ಕರೆಯಿತು. ಪರಿಹಾರದಲ್ಲಿ ತಂತ್ರಾಂಶದ ತಿದ್ದುಪಡಿಯೂ ಸೇರಿತ್ತು. ಇವು ಬಹಿರಂಗವಾಗಿ ನಡೆದ, ಲೆಕ್ಕಕ್ಕೆ ಸಿಗುವ ತಿದ್ದುಪಡಿಗಳು. ಆ ಮಟ್ಟಿಗೆ ಒಳ್ಳೆಯವು.

ಕಂಪನಿಯೇ ಇಲ್ಲವಾದರೆ ಏನು ಗತಿ? ಫಿಸ್ಕರ್ ಎಂಬ ಅಮೆರಿಕದ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಉಳಿದಿದ್ದ ಸಾವಿರಾರು ಕಾರುಗಳನ್ನು ಕೊಂಡ ಬಾಡಿಗೆ ಸಂಸ್ಥೆಗೆ, ಆ ಕಾರುಗಳ ದತ್ತಾಂಶವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ವರ್ಗಾಯಿಸಲಾಗದು ಎಂಬ ಸಂಗತಿ ಆಮೇಲೆ ತಿಳಿಯಿತು. ಮಾಲೀಕರು ತಾವೇ ಸಂಘ ಕಟ್ಟಿಕೊಂಡು ತಂತ್ರಾಂಶವನ್ನೂ ಬಿಡಿಭಾಗಗಳನ್ನೂ ಹುಡುಕಬೇಕಾಯಿತು. ಕಂಪನಿ ಬದುಕಿದ್ದರೂ ಸೇವೆ ಸಾಯಬಹುದು. 2ಜಿ ಜಾಲ ಮುಚ್ಚಲಿರುವುದನ್ನು ಕಾರಣವಾಗಿಟ್ಟುಕೊಂಡು ನಿಸ್ಸಾನ್ 2024ರಲ್ಲಿ ಬ್ರಿಟನ್ನಿನ ಹಳೆಯ ಲೀಫ್ ಕಾರುಗಳ ಮೊಬೈಲ್ ಆ್ಯಪ್ ಸೇವೆಯನ್ನು ನಿಲ್ಲಿಸಿತು. ಆದರೂ ಆ ಕಾರುಗಳು ಓಡಿದವು, ಚಾರ್ಜ್ ಆದವು, ಏಕೆಂದರೆ ಅವುಗಳ ಮೂಲ ಕೆಲಸ ದೂರದ ಸರ್ವರನ್ನು ನೆಚ್ಚಿಕೊಂಡಿರಲಿಲ್ಲ. ಕಾರನ್ನು ಹೀಗೆಯೂ ಕಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಣಿವೆಗೆ ಇಳಿದೊಡನೆ ಮೊಬೈಲಿನ ಸಿಗ್ನಲ್ ಮಾಯವಾಗುವ ನಮ್ಮ ಸೀಮೆಗೆ ಬೇಕಾದದ್ದು ಇಂಥ ಕಾರೇ.

ನಾವು ಕುಳಿತಿರುವ ಊರು ಭದ್ರಾವತಿ. ಇಲ್ಲಿ 1923ರಲ್ಲಿ ಕಬ್ಬಿಣ ಹರಿದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ; ಅದರ ನೋವನ್ನು ನಾವು ಬಲ್ಲೆವು. ಆದರೆ ಆ ಕಾರ್ಖಾನೆ ಈ ಊರಿಗೆ ಒಂದು ವಿದ್ಯೆಯನ್ನೂ ಕೊಟ್ಟಿತು. ಲೇತಿನ ಮುಂದೆ ನಿಂತು, ಸಿಗದ ಬಿಡಿಭಾಗವನ್ನು ತಾನೇ ಕಡೆದು ಕೂರಿಸುವ ಕೈಗಳು ಇಲ್ಲಿ ತಲೆಮಾರುಗಳಿಂದ ಇವೆ. ಮಲೆನಾಡಿನ ಜೀಪುಗಳು ಮೂವತ್ತು ನಲವತ್ತು ವರ್ಷ ಬಾಳಿರುವುದು ಇಂಥ ಕೈಗಳಿಂದ. ಅದೇ ಮೇಸ್ತ್ರಿಯ ಮುಂದೆ ವಿದ್ಯುತ್ ಕಾರನ್ನು ತಂದು ನಿಲ್ಲಿಸಿ. ಕೆಟ್ಟ ಭಾಗವನ್ನು ಅವರು ಗುರುತಿಸಿಯಾರು, ಬದಲಿಸಿಯೂ ಬಿಟ್ಟಾರು. ಹೊಸ ಭಾಗವನ್ನು ಕಾರು ಒಪ್ಪಿಕೊಳ್ಳಬೇಕಾದರೆ ಕಂಪನಿಯ ಸಂಕೇತ ಬೇಕು. ಅದು ಅವರಿಗೆ ಸಿಗದು.

ಕಾನೂನು ಎಲ್ಲಿದೆ? ವಿಶ್ವಸಂಸ್ಥೆಯ ವಾಹನ ನಿಯಮ 156, 2020ರಲ್ಲಿ ಅಂಗೀಕೃತವಾಗಿ 2024ರ ಜುಲೈಯಿಂದ ಐರೋಪ್ಯ ಒಕ್ಕೂಟದ ಹೊಸ ಕಾರುಗಳಿಗೆಲ್ಲ ಅನ್ವಯವಾಗಿದೆ. ತಿದ್ದುಪಡಿಯ ವಿಷಯವನ್ನು ಬಳಕೆದಾರನಿಗೆ ತಿಳಿಸಬೇಕು, ಅದು ಅರ್ಧಕ್ಕೆ ನಿಂತರೆ ವಾಹನ ಹಿಂದಿನ ಸ್ಥಿತಿಗೆ ಮರಳಬೇಕು ಅಥವಾ ಸುರಕ್ಷಿತ ಸ್ಥಿತಿಯಲ್ಲಿರಬೇಕು ಎನ್ನುತ್ತದೆ ಆ ನಿಯಮ. ಅದೇ ಜಾಡಿನಲ್ಲಿ ನಮ್ಮ ದೇಶದಲ್ಲಿ ಎಐಎಸ್-190 ಎಂಬ ಮಾನದಂಡವನ್ನು ರೂಪಿಸಲಾಗಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ‘ರಿಪೇರಿ ಹಕ್ಕು’ ಜಾಲತಾಣದಲ್ಲಿ ವಾಹನಗಳೂ ಸೇರಿವೆ. ಅದು ಮಾಹಿತಿ ಕೊಡುತ್ತದೆ, ಕೀಲಿ ಕೊಡುವುದಿಲ್ಲ. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬದುಕಿರುವ ಬ್ಯಾಟರಿಯನ್ನು ತಂತ್ರಾಂಶ ಕೊಂದರೆ ಯಾರು ಹೊಣೆ ಎಂದು ನಾವು ಕೇಳಬೇಕಾಗಿದೆ. 2017ರಲ್ಲಿಯೇ ದೇಶಕ್ಕೆ ಮೊದಲಾಗಿ ವಿದ್ಯುತ್ ವಾಹನ ನೀತಿಯನ್ನು ತಂದ ರಾಜ್ಯ ನಮ್ಮದು. ಸಹಾಯಧನ, ಚಾರ್ಜಿಂಗ್ ಕೇಂದ್ರಗಳ ಜೊತೆಗೆ, ಮಾರಾಟ ನಿಲ್ಲಿಸಿದ ಕಾರಿಗೆ ಎಷ್ಟು ವರ್ಷ ತಂತ್ರಾಂಶದ ಬೆಂಬಲವಿರುತ್ತದೆ ಎಂಬುದನ್ನು ಬೆಲೆಪಟ್ಟಿಯಲ್ಲೇ ಬರೆಯಬೇಕೆಂದು ನಾವು ರಾಜ್ಯ ಸರ್ಕಾರವನ್ನು ಒತ್ತಾಯಿಸಬೇಕು. ಕಂಪನಿ ಮುಚ್ಚಿದರೆ ಸಂಕೇತಗಳು ಸಾರ್ವಜನಿಕ ಸಂಸ್ಥೆಯೊಂದರ ವಶಕ್ಕೆ ಬರಬೇಕು ಎಂಬುದು ಇನ್ನೂ ದೊಡ್ಡ ಬೇಡಿಕೆ. ಅದಕ್ಕೆ ದೆಹಲಿಯವರೆಗೆ ಹೋಗಬೇಕಾದೀತು.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡೋಣ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ವಿದ್ಯುತ್ ಕಾರು, ಸ್ಕೂಟರು ಇರುವವರು ಪ್ರತಿ ತಿದ್ದುಪಡಿಯ ದಿನಾಂಕ, ಅದರ ಸಂಖ್ಯೆ, ಹಿಂದಿನ ದಿನ ಪೂರ್ತಿ ಚಾರ್ಜಿನಲ್ಲಿ ತೋರುತ್ತಿದ್ದ ಕಿಲೋಮೀಟರು, ಮರುದಿನ ತೋರಿದ ಕಿಲೋಮೀಟರು ಇಷ್ಟನ್ನು ಬರೆದಿಡಿ. ಬ್ರೇಕಿನಲ್ಲಿ ವ್ಯತ್ಯಾಸ ಕಂಡರೆ ಯಾವ ಘಾಟಿಯಲ್ಲಿ, ಎಷ್ಟು ಚಾರ್ಜಿದ್ದಾಗ ಎಂಬುದನ್ನೂ ಸೇರಿಸಿ. ಪರದೆಯ ಮೇಲೆ ಬರುವ ಸೂಚನೆಯನ್ನು ಒಪ್ಪಿಗೆ ಒತ್ತುವ ಮೊದಲು ಫೋಟೊ ತೆಗೆದುಕೊಳ್ಳಿ. ಆಮೇಲೆ ಅದು ಸಿಗದಿರಬಹುದು. ದೂರದ ಪಯಣದ ಹಿಂದಿನ ರಾತ್ರಿ ತಿದ್ದುಪಡಿಗೆ ಒಪ್ಪಬೇಡಿ. ಮುಂದಿನ ತಿಂಗಳ ಕೂಟಕ್ಕೆ ಬರುವಾಗ ನಿಮ್ಮ ಪರಿಚಯದ ಮೇಸ್ತ್ರಿಗಳನ್ನೂ ಕರೆತನ್ನಿ. ಅವರು ಕೇಳುವ ಪ್ರಶ್ನೆಗಳನ್ನು ಆ ಪುಸ್ತಕದ ಹಿಂಬದಿಯ ಪುಟಗಳಲ್ಲಿ ಬರೆದುಕೊಳ್ಳೋಣ.