ಉಬ್ಬಸಕ್ಕೂ ತಿಂಗಳ ಲೆಕ್ಕ ಇದೆ

ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಇಲ್ಲಿ ದುಬೈಯಲ್ಲಿ ಲೆಕ್ಕ ಬರೆಯೋಳು. ಆದರೆ ಹೆಂಗಸರ ಅಸ್ತಮಾದಲ್ಲಿ ಔಷಧಿಯಷ್ಟೇ ತಾರೀಖೂ ಮುಖ್ಯ. ತಾರೀಖು ಬರೆದಿಡೋದು ನನ್ನ ಕಸುಬು, ಅದಕ್ಕೇ ಮಾತಾಡ್ತಿದ್ದೀನಿ. ಗಂಡಸರು ಎದ್ದು ಹೋಗಬೇಡಿ, ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ.

ಚಿಕ್ಕಂದಿನಲ್ಲಿ ಅಸ್ತಮಾ ಗಂಡುಮಕ್ಕಳಿಗೇ ಹೆಚ್ಚು. ಮೈನೆರೆಯುವ ವಯಸ್ಸು ದಾಟಿದ ಮೇಲೆ ಹೆಂಗಸರಲ್ಲಿ ಹೆಚ್ಚಾಗುತ್ತದೆ. ಇದರಲ್ಲಿ ಹಾರ್ಮೋನುಗಳ ಪಾತ್ರ ದೊಡ್ಡದು. ಅಲರ್ಜಿ ಆದಾಗ ನಮ್ಮ ಮೈಯಲ್ಲಿರುವ ಮಾಸ್ಟ್ ಕಣಗಳು ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡುತ್ತವೆ. ಸೀನು, ತುರಿಕೆ ಅದರಿಂದಲೇ. ಈಸ್ಟ್ರೋಜನ್ ಹಾರ್ಮೋನು ಆ ಕಣಗಳನ್ನು ಇನ್ನಷ್ಟು ಕೆರಳಿಸಬಲ್ಲದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಇಳಿಯುತ್ತವೆ. ಎಲ್ಲರಿಗೂ ಅಲ್ಲ, ಆದರೆ ಹಲವರಿಗೆ ಆಗಲೇ ಉಬ್ಬಸ ಜಾಸ್ತಿ. ಹೋದ ವಾರ ತಡೆದುಕೊಂಡ ಬ್ಲೀಚ್ ವಾಸನೆ, ಬಖೂರ್ ಹೊಗೆ ಈ ವಾರ ತಡೆಯೋಕಾಗಲ್ಲ. ಮೇಡಂ ಇದನ್ನ ನೆಪ ಅಂತಾರೆ. ನೆಪ ಅಲ್ಲ.

ಮೂರು ತಿಂಗಳು ಬರೆದಿಡಿ. ಮುಟ್ಟಾದ ತಾರೀಖು, ಉಸಿರು ಕಟ್ಟಿ ರಾತ್ರಿ ಎದ್ದ ದಿನ, ನೀಲಿ ಪಂಪು ಎಷ್ಟು ಸಲ ಹೊಡೆದಿರಿ, ಇಷ್ಟೇ. ಫೋನಿನ ಕ್ಯಾಲೆಂಡರ್ ಸಾಕು. ಭಾಷೆ ಬರದ ಡಾಕ್ಟರ ಮುಂದೆ ಮುಟ್ಟಿನ ವಿಷಯ ಹೇಳೋಕೆ ನಾಚಿಕೆ ಆದರೆ ಆ ಪುಟ ತೋರಿಸಿ. ಅವರಿಗೆ ಅರ್ಥ ಆಗುತ್ತೆ, ಆ ದಿನಗಳಿಗೆ ಔಷಧಿ ಹೊಂದಿಸಿಕೊಡ್ತಾರೆ.

ಇನ್ನು ಹೊಟ್ಟೆನೋವಿನ ಮಾತ್ರೆ. ರೂಮಿನ ಗೆಳತಿ ಕೊಟ್ಟಳು ಅಂತ ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಇವು ಅಸ್ತಮಾ ಇರುವ ಕೆಲವರಿಗೆ ಉಬ್ಬಸವನ್ನೇ ಎಬ್ಬಿಸುತ್ತವೆ. ಫಾರ್ಮಸಿಯಲ್ಲಿ “ನನಗೆ ಅಸ್ತಮಾ ಇದೆ” ಅಂತ ಮೊದಲೇ ಹೇಳಿ.

ಬಸುರಿಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಅಸ್ತಮಾ ಹೆಚ್ಚುತ್ತದೆ, ಒಂದು ಪಾಲಿಗೆ ಕಡಿಮೆ, ಉಳಿದವರಿಗೆ ಇದ್ದ ಹಾಗೇ. ಊರಿಂದ ಅತ್ತೆಯವರು ಫೋನಿನಲ್ಲಿ “ಪಂಪು ಬಿಟ್ಟುಬಿಡಮ್ಮ, ಮಗುಗೆ ಆಗಲ್ಲ” ಅಂದರೂ, ಡಾಕ್ಟರ್ ಹೇಳದೆ ದಿನನಿತ್ಯದ ಪಂಪು ಬಿಡಬೇಡಿ. ಮಗುವಿಗೆ ಆಕ್ಸಿಜನ್ ಹೋಗೋದು ನಿಮ್ಮ ಉಸಿರಿಂದ. ಹಿಡಿತಕ್ಕೆ ಸಿಗದ ಉಬ್ಬಸವೇ ಅದಕ್ಕೆ ಹೆಚ್ಚು ಅಪಾಯ.

ಖರ್ಚಿನ ಮಾತು ನನ್ನ ಕಡೆಯದು. ದುಬೈಯಲ್ಲಿ 2013ರ 11ನೇ ಕಾನೂನಿನ ಪ್ರಕಾರ ಕೆಲಸದವರಿಗೆ ಆರೋಗ್ಯ ವಿಮೆ ಮಾಡಿಸೋದು ಮಾಲೀಕರ ಹೊಣೆ, ಪ್ರೀಮಿಯಂ ನಿಮ್ಮ ಸಂಬಳದಲ್ಲಿ ಮುರಿಯೋ ಹಾಗಿಲ್ಲ. ಕಾರ್ಡ್ ಕೇಳಿ ಇಸ್ಕೊಳ್ಳಿ. ಪ್ರತಿ ಭೇಟಿಗೆ ನಿಮ್ಮ ಪಾಲು ಎಷ್ಟು ಅಂತ ಮೊದಲೇ ತಿಳ್ಕೊಳ್ಳಿ.

ನೀಲಿ ಪಂಪು ಹೊಡೆದರೂ ಉಸಿರು ಸಿಗದೆ, ಒಂದು ವಾಕ್ಯ ಪೂರ್ತಿ ಆಡೋಕಾಗದೆ ಇದ್ದರೆ, ತುಟಿ ನೀಲಿಯಾದರೆ, ಮೇಡಂ ಬರಲಿ ಅಂತ ಕಾಯಬೇಡಿ. ಆಂಬುಲೆನ್ಸಿಗೆ 998.