ಕೆರೆಯಂಗಳದ ಹುಲ್ಲೂ ದನಕುರಿಗಳ ಈಲಿಹುಳುವೂ



ಬೇಸಗೆಯಲ್ಲಿ ಬೀಳುಗಳೆಲ್ಲವೂ ಒಣಗಿದಾಗ ಹಸುರು ಉಳಿಯುವುದು ಕೆರೆಯಂಗಳದಲ್ಲಿಯೂ ಕಾಲುವೆಗಳ ಅಂಚಿನಲ್ಲಿಯೂ ಮಾತ್ರ. ದನಕುರಿಗಳು ಅಲ್ಲಿಗೆ ಹೋಗುವುದು ಸಹಜ. ಕೆಲವು ತಿಂಗಳು ಕಳೆಯಲಾಗಿ ಅವುಗಳಲ್ಲಿ ಕೆಲವು ಹೊಟ್ಟೆತುಂಬ ಮೇದರೂ ಬಡವಾಗುತ್ತವೆ, ಕಣ್ಣಿನ ಒಳರೆಪ್ಪೆ ಬಿಳುಪೇರುತ್ತದೆ, ಹಾಲು ಇಳಿಯುತ್ತದೆ, ಗದ್ದದ ಕೆಳಗೆ ನೀರುಬಾವು ಕಾಣಿಸುತ್ತದೆ. ಇದನ್ನು ದೃಷ್ಟಿದೋಷವೆಂದೆಣಿಸಿ ಸುಮ್ಮನಿರುವವರುಂಟು. ಸತ್ತ ಪ್ರಾಣಿಯ ಈಲಿಯನ್ನು ಕೊಯ್ದು ನೋಡಿದರೆ ನಿಜವು ತಿಳಿಯುವುದು. ಪಿತ್ತನಾಳಗಳು ದಪ್ಪವೇರಿ, ಅವುಗಳೊಳಗೆ ಎಲೆಯಂತೆ ಚಪ್ಪಟೆಯಾದ, ಒಂದರಿಂದ ಮೂರು ಅಂಗುಲ ಉದ್ದದ ಹುಳುಗಳಿರುತ್ತವೆ. ಇದೇ ಈಲಿಹುಳು.

ಈ ಹುಳುವು ಒಂದು ಪಶುವಿನಿಂದ ಮತ್ತೊಂದಕ್ಕೆ ನೇರಾಗಿ ಹೋಗಲಾರದು. ಇದರ ಮೊಟ್ಟೆಗಳು ಸಗಣಿಯೊಡನೆ ಹೊರಬೀಳುತ್ತವೆ. ನೀರು ಸೇರಿದರೆ ಎರಡು ಮೂರು ವಾರಗಳಲ್ಲಿ ಒಡೆದು, ಈಜುವ ಸೂಕ್ಷ್ಮ ಮರಿಗಳಾಗುತ್ತವೆ. ಮರಿಯು ಸುಮಾರು ಒಂದು ದಿನದೊಳಗಾಗಿ ತನಗೆ ತಕ್ಕ ಬಸವನಹುಳುವನ್ನು ಹೊಗಬೇಕು, ಇಲ್ಲವಾದರೆ ಸಾಯುವುದು. ಹೊಕ್ಕ ಒಂದು ಮರಿಯು ಅಲ್ಲಿ ನೂರಾರಾಗಿ ಹೊರಟು, ನೀರಿನಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿಯಾದ ಕೋಶವನ್ನು ಕಟ್ಟಿಕೊಳ್ಳುತ್ತದೆ. ಕೆರೆಯ ನೀರು ಇಳಿದಾಗ ಆ ಹುಲ್ಲೇ ಮೇವಾಗುವುದು. ಪಶುವಿನ ಕರುಳನ್ನು ಕೊರೆದು ಈಲಿಯನ್ನು ಸೇರಿದ ಹುಳುವು ಮೂರು ನಾಲ್ಕು ತಿಂಗಳುಗಳಲ್ಲಿ ಬಲಿತು ಮತ್ತೆ ಮೊಟ್ಟೆಯಿಡುತ್ತದೆ. ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿಂದ ಮನುಷ್ಯನಿಗೂ ಇದು ತಗಲಬಹುದು.

1879-80ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 30 ಲಕ್ಷ ಕುರಿಗಳು ಈ ಜಾತಿಯ ಹುಳುವಿನಿಂದ ನಾಶವಾದುವು. ಆ ಬಳಿಕ ಆಕ್ಸ್‌ಫರ್ಡಿನಲ್ಲಿ ಥಾಮಸ್ ಎಂಬವರೂ ಜರ್ಮನಿಯಲ್ಲಿ ಲಾಯ್ಕಾರ್ಟ್ ಎಂಬವರೂ ಬೇರೆಬೇರೆಯಾಗಿ ಶೋಧಿಸಿ, ಬಸವನಹುಳುವೇ ನಡುವಣ ಕೊಂಡಿಯೆಂಬುದನ್ನು 1882-83ರಲ್ಲಿ ಪ್ರಕಟಿಸಿದರು.

ಕೊಂಡಿ ಮುರಿದರೆ ರೋಗವೇ ಅಳಿಯುವುದೆಂಬುದಕ್ಕೆ ನಮ್ಮ ದೇಶದ ನಾರುಹುಣ್ಣೇ ಸಾಕ್ಷಿ. ಮನುಷ್ಯನ ಕಾಲಿನಿಂದ ಒಂದು ಗಜದಷ್ಟುದ್ದದ ಹುಳುವು ಹೊರಬರುವ ಈ ರೋಗವು ಕರ್ನಾಟಕದಲ್ಲಿಯೂ ಇದ್ದಿತು. ರೋಗಿಯು ಮೆಟ್ಟಿಲುಬಾವಿಗೆ ಇಳಿದಾಗ ಹುಳುವಿನ ಮರಿಗಳು ನೀರಿಗೆ ಬಿದ್ದು, ನೀರಿನ ಸಣ್ಣ ಕ್ರಿಮಿಗಳನ್ನು ಸೇರಿ, ಕುಡಿಯುವವರ ಹೊಟ್ಟೆಗೆ ಹೋಗುತ್ತಿದ್ದುವು. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಶೋಧಿಸಿದುದರಿಂದಲೂ, ರೋಗಿಗಳು ಬಾವಿಗಿಳಿಯದಂತೆ ತಡೆದುದರಿಂದಲೂ, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿದುದರಿಂದಲೂ 1996ರ ಜುಲೈ ತಿಂಗಳಿಗೆ ಅದು ಕೊನೆಗಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು.

ಈಲಿಹುಳುವಿನ ವಿಷಯದಲ್ಲಿ ಮಾಡತಕ್ಕ ಕಾರ್ಯಗಳಿವು:

ಒಂದನೆಯದಾಗಿ, ಜೌಗು ನೆಲದಲ್ಲಿ ದನಕುರಿಗಳನ್ನು ಮೇಯಬಿಡಕೂಡದು. ಬೇರೆ ಮೇವಿಲ್ಲದವರು ಅಲ್ಲಿನ ಹುಲ್ಲನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಬೇಕು.

ಎರಡನೆಯದಾಗಿ, ಕುಡಿಯುವ ನೀರನ್ನು ತೊಟ್ಟಿಯಲ್ಲಿ ಕೊಡಬೇಕು.

ಮೂರನೆಯದಾಗಿ, ಸಗಣಿಯನ್ನು ಗುಂಡಿಯಲ್ಲಿ ತುಂಬಿ ಕಳಿಸಬೇಕು. ಗೊಬ್ಬರದ ಕಾವಿಗೆ ಮೊಟ್ಟೆಗಳು ಸಾಯುತ್ತವೆ.

ನಾಲ್ಕನೆಯದಾಗಿ, ಬಾತುಗಳನ್ನು ಸಾಕಿದರೆ ಅವು ಬಸವನಹುಳುಗಳನ್ನು ತಿನ್ನುತ್ತವೆ. ಮೈಲುತುತ್ತವನ್ನು ಕೆರೆಗೆ ಸುರಿಯುವುದು ಸರಿಯಲ್ಲ, ಮೀನುಗಳೂ ಸಾಯುವುವು.

ಐದನೆಯದಾಗಿ, ಸಗಣಿಯನ್ನು ಪಶುವೈದ್ಯರಲ್ಲಿ ಪರೀಕ್ಷೆಮಾಡಿಸಿ, ತೂಕಕ್ಕೆ ತಕ್ಕ ಔಷಧವನ್ನು ಕುಡಿಸಬೇಕು. ದುಂಡುಹುಳುಗಳ ಔಷಧಗಳೆಲ್ಲವೂ ಈಲಿಹುಳುವನ್ನು ಕೊಲ್ಲಲಾರವು. ಕೆಲವು ಔಷಧಗಳು ಬಲಿತ ಹುಳುಗಳನ್ನು ಮಾತ್ರ ಕೊಲ್ಲುತ್ತವೆ. ಔಷಧ ಕೊಟ್ಟ ಮೇಲೆ ಹಾಲನ್ನು ಎಷ್ಟು ದಿನ ಬಳಸಬಾರದೆಂಬುದನ್ನೂ ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.

ಒಬ್ಬನ ಹಟ್ಟಿ ಶುದ್ಧವಾಗಿದ್ದು ಊರ ಕೆರೆ ಕೆಟ್ಟಿದ್ದರೆ ಫಲವಿಲ್ಲ. ನೋಟಕ್ಕೆ ಪುಷ್ಟವಾಗಿರುವ ಪಶುವೂ ಮೊಟ್ಟೆಗಳನ್ನು ಚೆಲ್ಲುತ್ತಿರಬಹುದು. ಆದುದರಿಂದ ಊರಿನ ಮುಖಂಡರು ಒಟ್ಟುಗೂಡಿ, ಕೆರೆಯಂಗಳದ ಯಾವ ಭಾಗವನ್ನು ಮೇವಿಗೆ ಮುಚ್ಚಬೇಕೆಂಬುದನ್ನೂ, ಊರ ದನಕುರಿಗಳಿಗೆಲ್ಲ ಒಂದೇ ವಾರದಲ್ಲಿ ಔಷಧ ಕುಡಿಸುವುದನ್ನೂ ಗೊತ್ತುಮಾಡಬೇಕು. ಎರಡೆತ್ತಿನ ಬಡ ರೈತನಿಗೆ ಒಂದೆತ್ತು ಬಿದ್ದರೆ ಆ ವರ್ಷದ ಉಳುಮೆಯೇ ನಿಲ್ಲುವುದು. ಅವನ ಪಾಲಿನ ಮೇವಿಗೆ ದಾರಿ ತೋರಿಸಿದ ಮೇಲೆಯೇ ಕೆರೆಯಂಗಳವನ್ನು ಮುಚ್ಚುವುದು ನ್ಯಾಯ.