ನಸುಕಿನ ಹೊತ್ತು ಮಕ್ಕಳ ಬಳಿ ಯಾರು?

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಮಕ್ಕಳನ್ನು ಹೆತ್ತು ಸಾಕಿದ ಅನುಭವವಿಲ್ಲದ ನಾವು ಹೆತ್ತವರಿಗೆ ಬುದ್ಧಿ ಹೇಳಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮಗೂ ಹಾಗೆಯೇ ತೋರುತ್ತಿದೆ. ವಾರವಾರವೂ ನಿಮ್ಮ ಪಾಪನಿವೇದನೆ ಕೇಳುವ ನಾವು ಇಂದು ನಮ್ಮದೊಂದನ್ನು ನಿಮ್ಮ ಮುಂದೆ ಇಡುತ್ತೇವೆ.

ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಹತ್ತು ವರ್ಷದ ಬಾಲಿಕೆಯೊಬ್ಬಳು ಆದಿತ್ಯವಾರದ ಧರ್ಮೋಪದೇಶ ತರಗತಿಗೆ ಸದಾ ತಡವಾಗಿ ಬರುತ್ತಿದ್ದಳು. ನಾವು ಅವಳನ್ನು ಬಾಗಿಲ ಬಳಿ ನಿಲ್ಲಿಸಿದೆವು. ಸಾಲದೆಂಬಂತೆ, ಹಣದ ಹಿಂದೆ ಓಡಿ ಮಕ್ಕಳನ್ನು ಮರೆಯುವ ಹೆತ್ತವರ ಕುರಿತು ಪ್ರಸಂಗವನ್ನೂ ಮಾಡಿದೆವು. ಆ ಬಳಿಕ ಒಂದು ಮುಂಜಾನೆ ಆರರ ಸುಮಾರಿಗೆ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಅವಳ ಮನೆಯ ಮುಂದಿನಿಂದ ಹೋಗಬೇಕಾಯಿತು. ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಒಲೆ ಉರಿಯುತ್ತಿದೆ. ಕಿಟಕಿಯಲ್ಲಿ ಆ ಬಾಲಿಕೆ, ಸೊಂಟದ ಮೇಲೆ ಅಳುವ ತಮ್ಮ. "ಫಾದರ್, ಅಮ್ಮ ಹಾಲು ತೆಗೆದು ಬಂದ ಮೇಲೆ ಬಾಗಿಲು ತೆರೆಯುತ್ತಾರೆ" ಎಂದಳು. ಗಂಜಿ ಬೇಯಿಸಿ, ತಮ್ಮಂದಿರಿಗೆ ಉಣಿಸಿದ ಮೇಲೆ ಅವಳು ತರಗತಿಗೆ ಬರಬೇಕಾಗಿತ್ತು. ಒಳಗೆ ಬೆಂಕಿ, ಹೊರಗೆ ಚಿಲಕ. ಈ ಎರಡನ್ನು ಜೊತೆಯಾಗಿ ನೋಡಿದ ಆ ದಿನದಿಂದ ನಾವು ಅಂಥ ಪ್ರಸಂಗ ಮಾಡಿದ್ದಿಲ್ಲ.

ಕಡಬ, ಸುಳ್ಯಗಳ ರಬ್ಬರ್ ತೋಟಗಳನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗಿನ ತಂಪಿನಲ್ಲಿಯೇ ಮರದಿಂದ ಹಾಲು ಚೆನ್ನಾಗಿ ಇಳಿಯುವುದು. ಬಿಸಿಲೇರಿದಂತೆ ಅದು ಕಡಿಮೆಯಾಗುವುದು. ಆದುದರಿಂದ ತಲೆಗೆ ದೀಪ ಕಟ್ಟಿಕೊಂಡು ಗಂಡಹೆಂಡಿರಿಬ್ಬರೂ ಕತ್ತಲಲ್ಲೇ ಹೊರಡುವರು. ಮಕ್ಕಳು ಏಳುವ ಹೊತ್ತೂ ಅದೇ. ಪುತ್ತೂರಿನ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಗೆ ಬಸ್ಸು ತಪ್ಪಿದರೆ ಅಂದಿನ ಕೂಲಿ ತಪ್ಪಿದಂತೆ. ಬೀಡಿ ಕಟ್ಟುವವಳು ಮನೆಯಲ್ಲೇ ಇರುವಳು ನಿಜ. ಆದರೆ ಮೊರ ಮಡಿಲಲ್ಲಿರುವಾಗ ಮಗುವಿಗೆ ಮಡಿಲೆಲ್ಲಿ? ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ಅಡಿಕೆ ತೋಟ ಸೋತುಹೋದ ಮೇಲೆ, ಸ್ವಂತ ತೋಟವಿದ್ದವರೂ ಹೊರಗಿನ ದುಡಿಮೆ ಅರಸಬೇಕಾಯಿತು. ಇದನ್ನು ಹಣದಾಸೆಯೆಂದು ಹೇಗೆ ಕರೆಯೋಣ?

ಧರ್ಮಸಭೆಯೂ ಹಾಗೆ ಕರೆದಿಲ್ಲ. 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಮಾನವನ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ದುಡಿಯುವವನ ಕೂಲಿ ಸಂಸಾರವನ್ನು ಸಾಕುವಷ್ಟಿರಬೇಕು ಎಂದಿದ್ದಾರೆ. ಹೊರಗೆ ದುಡಿಯುವ ತಾಯಿಗೆ ಆ ಕಾರಣದಿಂದ ಮಕ್ಕಳ ಪಾಲನೆ ತಪ್ಪಿಹೋಗದಂತೆ ಕೆಲಸದ ವ್ಯವಸ್ಥೆಯೇ ಇರಬೇಕು ಎಂದೂ ಬೋಧಿಸಿದ್ದಾರೆ. ಗಮನಿಸಿರಿ, ಹೊರೆಯನ್ನು ತಾಯಿಯ ಮೇಲೊಂದೇ ಹೊರಿಸಿಲ್ಲ. ಕೂಲಿ ಕೊಡುವ ತೋಟದೊಡೆಯರೂ ನಮ್ಮ ಈ ಸಭೆಯಲ್ಲಿ ಕುಳಿತಿದ್ದೀರಿ. ಎಳೆಗೂಸಿನ ತಾಯಿಗೆ ತುಸು ತಡವಾಗಿ ಬರುವ ಕೆಲಸ ಕೊಡುವುದು ನಿಮ್ಮ ಕೈಯಲ್ಲಿದೆ.

ಸಂತ ಲೂಕರು ಹನ್ನೆರಡು ವರ್ಷದ ಯೇಸುವಿನ ಕಥೆ ಹೇಳುವಾಗ ಒಂದು ಸಣ್ಣ ಸಂಗತಿಯನ್ನು ಬಿಟ್ಟಿಲ್ಲ. ಮಗನು ಜೊತೆಯವರೊಡನೆ ಇರುವನೆಂದು ನಂಬಿ ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದಿದ್ದರು. ಅಷ್ಟು ದೂರ ನಿಶ್ಚಿಂತೆಯಿಂದ ನಡೆಯಬೇಕಾದರೆ ಆ ಬಂಧುಬಳಗ ಎಂಥದಿರಬೇಕು! ನಮ್ಮ ವಾಳೆಗಳಲ್ಲಿ ಇಂದು ಯಾವ ತಾಯಿ ಹಾಗೆ ನಂಬಿ ಹೊರಡಬಲ್ಲಳು?

ಸರಕಾರದಿಂದ ದೊರೆಯುವುದನ್ನು ಸಂಕೋಚವಿಲ್ಲದೆ ಪಡೆಯಿರಿ. 1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದಿವೆ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯತುಗಳ ಮೂಲಕ 'ಕೂಸಿನ ಮನೆ' ಯೋಜನೆಯನ್ನು ಕೈಗೊಂಡಿತು. ನಿಮ್ಮ ಪಂಚಾಯತಿನಲ್ಲಿ ವಿಚಾರಿಸಿರಿ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದೂ ವಿಧಿಸಿತು. ಆದರೆ ನಾಲ್ಕೈದು ಆಳುಗಳ ತೋಟಕ್ಕೆ ಆ ವಿಧಿ ತಲುಪದು, ನಸುಕಿನ ಐದು ಗಂಟೆಗೆ ಅಂಗನವಾಡಿ ತೆರೆಯದು.

ಇನ್ನು ತಂದೆಯಂದಿರಿಗೆ ಒಂದು ಮಾತು. ಕೊಲ್ಲಿ ದೇಶದಲ್ಲಿರುವವರು ಹಣದ ಲೆಕ್ಕ ಕೇಳುವಷ್ಟೇ ಆಸ್ಥೆಯಿಂದ ಮಗುವಿನ ಜ್ವರವನ್ನೂ ಶಾಲೆಯನ್ನೂ ವಿಚಾರಿಸಲಿ. ಊರಲ್ಲಿರುವವರು ಸಂಜೆ ಪೇಟೆಯಿಂದ ಸ್ವಲ್ಪ ಬೇಗ ಮರಳಲಿ. ಹೆಂಡತಿ ಅಡುಗೆಮನೆಯಲ್ಲಿರುವಾಗ ಜಪಸರಕ್ಕೆ ಮಕ್ಕಳನ್ನು ಕೂರಿಸುವುದು ಗಂಡಸಿಗೆ ಅವಮಾನವಲ್ಲ. ಐದು ರಹಸ್ಯಗಳಿಗೆ ವೇಳೆಯಿಲ್ಲದಿದ್ದರೆ ಒಂದು ಸಾಕು. ದಣಿದು ತೂಕಡಿಸುವ ತಾಯಿಯನ್ನು ದೇವರು ಗದರಿಸುವರೆಂದು ನಮಗೆ ಅನಿಸುವುದಿಲ್ಲ.

ಕೊನೆಯದಾಗಿ, ಮುಂದಿನ ಸೋಮವಾರದಿಂದ ಇಗರ್ಜಿಯ ಸಭಾಭವನ ಬೆಳಿಗ್ಗೆ ಐದಕ್ಕೆ ತೆರೆಯುವುದು. ಮಕ್ಕಳು ಮಲಗಿರುವಂತೆಯೇ ಎತ್ತಿ ತಂದರೂ ಆದೀತು, ಚಾಪೆಗಳಿವೆ. ಸ್ತ್ರೀ ಸಂಘಟನೆಯ ಇಬ್ಬರು ಹಿರಿಯ ತಾಯಂದಿರು ಗಂಜಿಯ ಹೊಣೆ ಹೊತ್ತಿದ್ದಾರೆ; ಅಕ್ಕಿಯನ್ನು ವಿನ್ಸೆಂಟ್ ಪಾವ್ಲ್ ಸಭೆ ಕೊಡುವುದು. ಶಾಲೆಯ ಹೊತ್ತಿಗೆ ಮಕ್ಕಳನ್ನು ಸಾಲಾಗಿ ರಸ್ತೆ ದಾಟಿಸಲು ಇನ್ನೂ ಒಬ್ಬರು ಬೇಕಾಗಿದ್ದಾರೆ. ಅನ್ಯಮತದ ನೆರೆಯವರ ಮಕ್ಕಳಿಗೂ ಜಾಗವಿದೆಯೆಂದು ತಿಳಿಸಿರಿ. ಹೆಸರುಗಳನ್ನು ಈ ಆದಿತ್ಯವಾರ ಪೂಜೆಯ ಬಳಿಕ ಗುರಿಕಾರರಲ್ಲಿ ಕೊಡಬೇಕು.